ಎಲ್‌ಇಡಿ ಬಲ್ಬ್ 25,000 ಗಂಟೆ ಬರತ್ತೆ ಅಂತಾರಲ್ಲ, ಮತ್ಯಾಕೆ ಒಂದೂವರೆ ವರ್ಷಕ್ಕೇ ಹೋಗತ್ತೆ?

ಪ್ರಶ್ನೆ: ಬಾಕ್ಸ್ ಮೇಲೆ 25,000 ಗಂಟೆ ಅಂತ ಬರ್ದಿರತ್ತೆ, ದಿನಕ್ಕೆ ಐದು ಗಂಟೆ ಉರಿಸಿದ್ರೂ ಹದಿಮೂರು ವರ್ಷ ಬರ್ಬೇಕು. ನಮ್ಮನೇಲಿ ಒಂದೂವರೆ ವರ್ಷಕ್ಕೇ ಹೋಗ್ತಿದೆ. ಒಳಗೆ ಏನು ಕೆಡತ್ತೆ? ರಿಪೇರಿ ಆಗತ್ತಾ?

ಉತ್ತರ: ಕೆಡೋದು ಹೆಚ್ಚಿನ ಸಲ ಒಳಗಿರೋ ಒಂದೇ ಒಂದು ಎಲ್‌ಇಡಿ, ಅದನ್ನ ಕೆಡಿಸೋದು ಬಿಸಿ. ಹೋಗಿರೋ ಬಲ್ಬ್ ಒಂದನ್ನ ಬಿಚ್ಚಿದ್ರೆ ಇದು ಕಣ್ಣಿಗೇ ಕಾಣತ್ತೆ. ನಮ್ಮಲ್ಲಿ ಎಲ್ಲರ ಮನೇಲೂ ಇರೋದು 9 ವ್ಯಾಟಿನ, ಎರಡು ಪಿನ್ನಿನ ಬಲ್ಬ್ ತಾನೆ, ಅದನ್ನೇ ತಗೊಳ್ಳೋಣ.

ಮೊದ್ಲೇ ಒಂದು ಮಾತು, ಬಲ್ಬನ್ನ ಹೋಲ್ಡರಿಂದ ತೆಗ್ದು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಬಿಚ್ಚಿ, ಒಳಗೆ ಚಾರ್ಜ್ ತುಂಬಿಟ್ಕೊಳ್ಳೋ ಕೆಪಾಸಿಟರ್ ಅನ್ನೋ ಭಾಗದಲ್ಲಿ ಚಾರ್ಜ್ ಉಳಿದಿರತ್ತೆ. ಮೇಲಿನ ಗೋಳ ತೆಗ್ದಿರೋ ಬಲ್ಬನ್ನ ಹಾಗೇ ಹೋಲ್ಡರಿಗೆ ಹಾಕಿ ಕೈ ಹಾಕ್ಬೇಡಿ, ಈ ಬಲ್ಬ್‌ಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರಲ್ಲ, ಎಲ್‌ಇಡಿ ಕಾಲುಗಳಿಗೆ ನೇರ ಮೇನ್ಸ್ ಕರೆಂಟಿನ ಸಂಪರ್ಕನೇ ಇರತ್ತೆ, ಮುಟ್ಟಿದ್ರೆ ಜೀವಕ್ಕೇ ಅಪಾಯ.

ಬಿಳಿ ಗೋಳ ಗಾಜಲ್ಲ, ಪ್ಲಾಸ್ಟಿಕ್ಕು. ಅಂಚಿಗೆ ಸಿಲಿಕೋನ್ ಗಮ್ ಹಾಕಿ ಕೂರ್ಸಿರ್ತಾರೆ, ಚಪ್ಪಟೆ ಸ್ಕ್ರೂಡ್ರೈವರ್ ತೂರ್ಸಿ ಮೆಲ್ಲಗೆ ಮೀಟಿದ್ರೆ ಬರತ್ತೆ. ಕೆಳಗೆ ಒಂದು ದುಂಡು ಅಲ್ಯೂಮಿನಿಯಂ ಪ್ಲೇಟು, ಅದರ ಮೇಲೆ ಹಳದಿ ಬಣ್ಣದ ಪುಟ್ಟ ಚೌಕಗಳು. ಇವೇ ಎಲ್‌ಇಡಿ. ಹಳದಿ ಕಾಣೋದು ಮೇಲಿರೋ ಫಾಸ್ಫರ್ ಪದರ, ಅದರಡಿ ಇರೋ ಚಿಪ್ಪು ಸೂಸೋದು ನೀಲಿ ಬೆಳಕು. ನೀಲಿಯಲ್ಲಿ ಒಂದು ಪಾಲನ್ನ ಫಾಸ್ಫರ್ ಹೀರ್ಕೊಂಡು ಹಳದಿಯಾಗಿ ಬಿಡತ್ತೆ, ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ ಅನ್ಸತ್ತೆ. ಆ ನೀಲಿ ಎಲ್‌ಇಡಿ ಮಾಡೋದು ದಶಕಗಳ ಕಾಲ ಯಾರಿಗೂ ಸರಿಯಾಗಿ ಆಗಿರಲಿಲ್ಲ, ಅದನ್ನ ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶೂಜಿ ನಕಮುರ ಮೂರೂ ಜನಕ್ಕೆ 2014ರಲ್ಲಿ ಫಿಸಿಕ್ಸ್ ನೊಬೆಲ್ ಬಂತು. ನೂರು ರೂಪಾಯಿ ಆಸುಪಾಸಿನ ಬಲ್ಬಲ್ಲಿ ಅಂಥ ಕೆಲಸ ಕೂತಿದೆ ಅನ್ನೋದು ನನಗೆ ಇವತ್ತಿಗೂ ದೊಡ್ಡ ವಿಷ್ಯನೇ.

ಈಗ ಆ ಚೌಕಗಳನ್ನ ಒಂದೊಂದಾಗಿ ಹತ್ತಿರದಿಂದ ನೋಡಿ. ಹೋದ ಬಲ್ಬಲ್ಲಿ ಎಷ್ಟೋ ಸಲ ಒಂದರ ನಡುವೆ ಸಾಸಿವೆಗಿಂತ ಚಿಕ್ಕ ಕರಿ ಚುಕ್ಕೆ ಇರತ್ತೆ. ಸತ್ತಿರೋದು ಅದೊಂದೇ. ಒಂದು ಸತ್ರೆ ಎಲ್ಲಾ ಯಾಕೆ ಆರ್ಬೇಕು ಅಂದ್ರೆ ಎಲ್ಲಾನೂ ಸೀರೀಸಲ್ಲಿ, ಅಂದ್ರೆ ಒಂದರ ಹಿಂದೆ ಒಂದು, ಜೋಡ್ಸಿರ್ತಾರೆ. ಮನೆಗೆ ಬರೋದು 230 ವೋಲ್ಟ್ ಎಸಿ, ಡಿಸಿ ಮಾಡಿದ್ರೆ ಅದರ ತುದಿ ಸುಮಾರು 325 ವೋಲ್ಟಿಗೆ ಹೋಗತ್ತೆ, ಆದ್ರೆ ಒಂದು ನೀಲಿ ಚಿಪ್ಪಿಗೆ ಬೇಕಾಗಿರೋದು ಬರೀ 3 ವೋಲ್ಟ್. ಅದಕ್ಕೇ ಒಂದು ಹಳದಿ ಚೌಕದೊಳಗೇ ಆರು ಚಿಪ್ ಸಾಲಾಗಿಟ್ಟು 18 ವೋಲ್ಟ್ ಮಾಡ್ತಾರೆ, ಅಂಥ 15 ಚೌಕ ಸಾಲಾಗಿ ಜೋಡ್ಸಿದ್ರೆ 270 ವೋಲ್ಟ್ ಆಯ್ತು, ಹರಿಯೋ ಕರೆಂಟು 33 ಮಿಲಿಆಂಪ್ ಆದ್ರೆ ಲೆಕ್ಕ ಸುಮಾರು 9 ವ್ಯಾಟಿಗೆ ಬರತ್ತೆ. ಅಂದ್ರೆ 90 ಚಿಪ್ಪು ಒಂದೇ ದಾರದಲ್ಲಿ. ಚಿಪ್ಪಿಂದ ಚಿಪ್ಪಿಗೆ ಹೋಗೋ ತಂತಿ ಕೂದಲಿಗಿಂತ ತೆಳು, ಬಿಸಿಯಾದಾಗ ಹಿಗ್ಗತ್ತೆ ಆರಿದಾಗ ಕುಗ್ಗತ್ತೆ, ದಿನಾ ಇದೇ ಆಗಿ ಆಗಿ ಎಲ್ಲೋ ಒಂದ್ಕಡೆ ಬಿಟ್ಕೊಳ್ಳತ್ತೆ. ಕೆಲವು ಬಲ್ಬು ಹೋಗೋಕೆ ಮುಂಚೆ ಹತ್ತಿ ಆರಿ ಹತ್ತಿ ಆರಿ ಮಾಡತ್ತಲ್ಲ, ಅದಕ್ಕೆ ಒಂದು ಕಾರಣ ಇದೇ, ಬಿಸಿಗೆ ತಂತಿ ಬಿಟ್ಕೊಳ್ಳತ್ತೆ, ಆರಿ ತಣ್ಣಗಾದ್ಮೇಲೆ ಮತ್ತೆ ತಾಗತ್ತೆ.

ಬಿಸಿ ಎಲ್ಲಿಂದ ಬಂತು ಅಂದ್ರೆ, 9 ವ್ಯಾಟಲ್ಲಿ ಬೆಳಕಾಗೋದು ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು, ಉಳಿದದ್ದೆಲ್ಲ ಬಿಸಿನೇ. ಹಳೇ 60 ವ್ಯಾಟಿನ ತಂತಿ ಬಲ್ಬು ಇದಕ್ಕಿಂತ ಎಷ್ಟೋ ಪಟ್ಟು ಬಿಸಿಯಾಗ್ತಿತ್ತು, ಆದ್ರೆ ಅದರಲ್ಲಿ ಬಿಸಿಗೆ ಕೆಡೋ ಎಲೆಕ್ಟ್ರಾನಿಕ್ ಭಾಗನೇ ಇರ್ಲಿಲ್ಲ, ಶಾಖ ಗಾಜಿನ ಮೂಲಕ ಹೊರಗೆ ಹೋಗ್ಬಿಡ್ತಿತ್ತು. ಎಲ್‌ಇಡಿ ಬಿಸಿ ಪ್ಲೇಟಿನ ಹಿಂಭಾಗದಿಂದನೇ ಇಳಿದು ಹೋಗ್ಬೇಕು. ಪ್ಲೇಟಿನ ಅಂಚು ಬಲ್ಬಿನ ಒಳಗಿರೋ ಅಲ್ಯೂಮಿನಿಯಂ ಬಟ್ಟಲಿಗೆ ಗಟ್ಟಿಯಾಗಿ ತಾಗ್ಬೇಕು, ಆ ಬಟ್ಟಲು ದಪ್ಪ ಇರ್ಬೇಕು. ಅಗ್ಗದ ಬಲ್ಬಲ್ಲಿ ಈ ಅಲ್ಯೂಮಿನಿಯಂ ಕಾಗದದಷ್ಟು ತೆಳು, ಕೆಲವದರಲ್ಲಿ ಬರೀ ಪ್ಲಾಸ್ಟಿಕ್. ಜೊತೆಗೆ ಕಾಸು ಉಳ್ಸೋಕೆ ಚಿಪ್ಪು ಕಮ್ಮಿ ಹಾಕಿ ಇರೋದ್ರಲ್ಲೇ ಜಾಸ್ತಿ ಕರೆಂಟ್ ಹರಿಸ್ತಾರೆ. ನನ್ನ ಪ್ರಕಾರ ಬಲ್ಬಿನ ಆಯಸ್ಸು ತೀರ್ಮಾನ ಆಗೋದು ಇಲ್ಲೇ. ದುಬೈಗೆ ಅಂತ ಫಿಲಿಪ್ಸ್ 2016ರಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಮಾಡ್ತು, ಎಲ್‌ಇಡಿ ಜಾಸ್ತಿ ಹಾಕಿ ಒಂದೊಂದಕ್ಕೂ ಕಮ್ಮಿ ಕರೆಂಟ್ ಕೊಟ್ಟು ಒಂದು ವ್ಯಾಟಿಗೆ 200 ಲ್ಯೂಮೆನ್ (ಬೆಳಕಿನ ಅಳತೆ) ತೆಗೀತು. ನಮ್ಮ ಮಾಮೂಲಿ ಬಲ್ಬ್ ಕೊಡೋದು 100ರ ಆಸುಪಾಸು. ಮಾಡಕ್ಕೆ ಆಗತ್ತೆ ಅಂತ ಗೊತ್ತಾಯ್ತಲ್ಲ.

ಬಾಕ್ಸ್ ಮೇಲಿನ 25,000 ಎಲ್ಲಿಂದ ಬರತ್ತೆ ಅಂದ್ರೆ, ಎಲ್‌ಇಡಿನ ಕನಿಷ್ಠ 6,000 ಗಂಟೆ ಉರಿಸಿ ಬೆಳಕು ಎಷ್ಟು ಇಳೀತು ಅಂತ ಅಳೆದು, ಹೊಸದರ 70 ಪರ್ಸೆಂಟಿಗೆ ಇಳಿಯೋಕೆ ಎಷ್ಟು ಟೈಮ್ ಬೇಕು ಅಂತ ಮುಂದಕ್ಕೆ ಲೆಕ್ಕ ಹಾಕೋದು ರೂಢಿ. ಮುಚ್ಚಿದ ಗಾಜಿನ ಶೇಡ್ ಒಳಗೆ, ಏಪ್ರಿಲ್ ತಿಂಗಳ ರಾಯಚೂರಲ್ಲಿ ಉರಿಯೋ ಬಲ್ಬಿನ ಲೆಕ್ಕ ಅದಲ್ಲ.

ಪ್ಲೇಟಿನ ಕೆಳಗೆ ಏನಿದೆ ನೋಡಿ. ಸ್ವಲ್ಪ ಒಳ್ಳೆ ಬಲ್ಬಲ್ಲಿ ಮೇನ್ಸ್ ಕರೆಂಟನ್ನ ಎಲ್‌ಇಡಿಗೆ ಹೊಂದ್ಸಿ ಕೊಡೋ ಪ್ರತ್ಯೇಕ ಡ್ರೈವರ್ ಬೋರ್ಡ್ ಇರತ್ತೆ, ಕಾಯಿಲು, ಕೆಪಾಸಿಟರು, ಫ್ಯೂಸ್ ತರ ಕೆಲಸ ಮಾಡೋ ರೆಸಿಸ್ಟರು. ಇನ್ನು ಕೆಲವದರಲ್ಲಿ ಕೆಳಗೆ ಎರಡು ವೈರ್ ಬಿಟ್ರೆ ಏನೂ ಇರಲ್ಲ, ಅದೇ ಕೆಲಸ ಮಾಡೋ ಪುಟ್ಟ ಬಿಡಿ ಭಾಗ, ಅಂದ್ರೆ ಡ್ರೈವರ್ ಐಸಿ, ಎಲ್‌ಇಡಿ ಪಕ್ಕದಲ್ಲೇ ಪ್ಲೇಟ್ ಮೇಲೇ ಕೂತಿರತ್ತೆ, ಇದನ್ನ ಡಿಒಬಿ (ಡ್ರೈವರ್ ಆನ್ ಬೋರ್ಡ್) ಅಂತಾರೆ. ಇಂಥ ಐಸಿ ಹೆಚ್ಚಾದ ವೋಲ್ಟೇಜನ್ನ ಬಿಸಿಯಾಗೇ ಕಳೀಬೇಕು, ಹಾಗಾಗಿ ರಾತ್ರಿ ಲೈನಲ್ಲಿ ವೋಲ್ಟೇಜ್ ಏರೋ ಊರುಗಳಲ್ಲಿ ಇವು ಬೇಗ ಹೋಗ್ತವೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಕಥೆನೂ ಬಿಸಿದೇ, ಟೆಂಪರೇಚರ್ 10 ಡಿಗ್ರಿ ಏರಿದ್ರೆ ಆಯಸ್ಸು ಅರ್ಧ ಅಂತ ಒಂದು ಅಂದಾಜಿದೆ. ಮಲೆನಾಡಲ್ಲಿ ಮಳೆಗಾಲದಲ್ಲಿ ಸಿಡಿಲಿಗೆ, ಕರೆಂಟ್ ಹೋಗಿ ಬಂದಾಗ ಹೋಗೋ ಬಲ್ಬ್‌ಗಳಲ್ಲಿ ಎಲ್‌ಇಡಿ ಎಲ್ಲಾ ಚೆನ್ನಾಗೇ ಇದ್ದು ಆ ರೆಸಿಸ್ಟರೋ ಐಸಿನೋ ಸುಟ್ಟಿರೋದೂ ಉಂಟು.

ರಿಪೇರಿ ಆಗತ್ತೆ. ಕರಿ ಚುಕ್ಕೆ ಕಾಣದೇ ಇದ್ರೆ ಮಲ್ಟಿಮೀಟರ್ ಇಟ್ಟು ನೋಡಿ ಎಲ್ಲಾ ಹೋಗಿದೆ ಅನ್ಕೋಬೇಡಿ, ಡಯೋಡ್ ಮೋಡಲ್ಲಿ ಮೀಟರ್ ಕೊಡೋದು ಸುಮಾರು 3 ವೋಲ್ಟು, 18 ವೋಲ್ಟಿನ ಎಲ್‌ಇಡಿ ಅದಕ್ಕೆ ಹತ್ತಲ್ಲ. ಜಾಸ್ತಿ ವೋಲ್ಟ್ ಕೊಡೋ, ಟಿವಿ ರಿಪೇರಿಯವ್ರ ಹತ್ರ ಇರೋ ಬ್ಯಾಕ್‌ಲೈಟ್ ಟೆಸ್ಟರ್ ಬೇಕು. ಸತ್ತ ಎಲ್‌ಇಡಿ ಬಿಚ್ಚಿ ಆ ಜಾಗಕ್ಕೆ ಸೋಲ್ಡರ್ ತುಂಬಿ ಶಾರ್ಟ್ ಮಾಡೋದು ಎಲ್ಲರೂ ಮಾಡೋ ಉಪಾಯ, ಬಲ್ಬು ಹತ್ತತ್ತೆ ನಿಜ, ಆದ್ರೆ ಡಿಒಬಿ ಆಗಿದ್ರೆ ಆ 18 ವೋಲ್ಟಿನ ಭಾರ, ಅಂದ್ರೆ ಅರ್ಧ ವ್ಯಾಟಿಗಿಂತ ಜಾಸ್ತಿ ಬಿಸಿ, ಪುಟ್ಟ ಐಸಿ ಮೇಲೆ ಬೀಳತ್ತೆ. ಅದೇ ಪ್ಲೇಟಲ್ಲಿ ಐಸಿ ಪಕ್ಕ ಕರೆಂಟ್ ಸೆಟ್ ಮಾಡೋ ಎರಡು ಪುಟ್ಟ ರೆಸಿಸ್ಟರ್ ಪ್ಯಾರಲಲಲ್ಲಿ ಇದ್ರೆ ಒಂದನ್ನ ತೆಗೀರಿ, ಕರೆಂಟು ಇಳಿಯತ್ತೆ, ಬೆಳಕೂ ಕಮ್ಮಿ ಆಗತ್ತೆ, ಬಿಸಿ ಗಣನೀಯವಾಗಿ ಇಳಿಯತ್ತೆ, ಪ್ಯಾಸೇಜಿಗೋ ಕೊಟ್ಟಿಗೆಗೋ ಆ ಬೆಳಕು ಧಾರಾಳ ಸಾಕು. ಹೊಸ ಎಲ್‌ಇಡಿ ಹಾಕೋದಾದ್ರೆ ಅದೇ ವೋಲ್ಟಿಂದೇ ಬೇಕು, ಪ್ಲೇಟು ಬಿಸಿ ಎಳ್ಕೊಳ್ಳೋದ್ರಿಂದ ಮಾಮೂಲಿ ಸೋಲ್ಡರಿಂಗ್ ಐರನ್ನಿಗೆ ಬಗ್ಗಲ್ಲ, ಕೆಳಗಿಂದ ಪ್ಲೇಟ್ ಕಾಯ್ಸಿ ಕೂರ್ಸ್ಬೇಕು. ಅಷ್ಟು ಕಷ್ಟ ಬೇಡ ಅಂದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಬಿಡಿ ಭಾಗ ಮಾರೋ ಅಂಗಡಿಗಳಲ್ಲಿ ಪೂರ್ತಿ ಪ್ಲೇಟನ್ನೇ ಕೇಳಿ, ಹೋಗುವಾಗ ಹಳೇ ಪ್ಲೇಟ್ ಜೊತೆಗೆ ತಗೊಂಡು ಹೋಗಿ, ಅಡ್ಡಳತೆ ಒಂದು ಮಿಲಿಮೀಟರ್ ಕಮ್ಮಿ ಆದ್ರೂ ಅಂಚು ಬಟ್ಟಲಿಗೆ ತಾಗಲ್ಲ.