ಪದ ಪರಿಚಯ: ವರ್ಬೇಟಿಮ್ ನಾಟಕ

ನಾಟಕಕಾರ ತನ್ನದೆಂದು ಒಂದು ಮಾತೂ ಸೇರಿಸದೆ, ನಿಜವಾಗಿ ಜನ ಆಡಿದ, ಬರೆದ ಮಾತುಗಳನ್ನೇ ಆಯ್ದು ಜೋಡಿಸಿದ ನಾಟಕಕ್ಕೆ ವರ್ಬೇಟಿಮ್ ನಾಟಕ ಅನ್ನುತ್ತಾರೆ. ಸಂದರ್ಶನ, ಪತ್ರ, ವಿಚಾರಣೆಯ ನಡಾವಳಿ, ಮಂತ್ರಿಯ ಪತ್ರಿಕಾಗೋಷ್ಠಿ ಇವೇ ಅದರ ಸಂಭಾಷಣೆ. ದಾಖಲೆ ರಂಗಭೂಮಿಯ ಒಂದು ಕವಲಿದು.

ಯುದ್ಧದ ಹೆಸರಿನಲ್ಲಿ ಸೆರೆಯಾದವರ ವಿಷಯಕ್ಕೆ ಇದು ಯಾಕೆ ಒದಗಿಬರುತ್ತದೆ ಅನ್ನುವುದಕ್ಕೆ ಗ್ವಾಂಟನಾಮೊ ನೋಡಬೇಕು. 2002ರ ಜನವರಿಯಲ್ಲಿ ಅಮೆರಿಕ ಕ್ಯೂಬಾದ ತನ್ನ ನೌಕಾನೆಲೆಯಲ್ಲಿ ಆ ಸೆರೆಮನೆ ತೆರೆಯಿತು. ಅಲ್ಲಿದ್ದವರಿಗೆ ಯುದ್ಧಕೈದಿಗಳ ಸ್ಥಾನಮಾನ ಕೊಡಲಿಲ್ಲ, ಬಹುಪಾಲು ಜನರ ಮೇಲೆ ಆರೋಪಪಟ್ಟಿಯನ್ನೂ ಹಾಕಲಿಲ್ಲ. 2004ರಲ್ಲಿ ವಿಕ್ಟೋರಿಯಾ ಬ್ರಿಟನ್ ಮತ್ತು ಜಿಲಿಯನ್ ಸ್ಲೋವೊ ಬಂಧಿಗಳ ಪತ್ರ, ಮನೆಯವರ ಹಾಗೂ ವಕೀಲರ ಮಾತು ಕಲೆಹಾಕಿ ಲಂಡನ್ನಿನ ಟ್ರೈಸಿಕಲ್ ಥಿಯೇಟರಿಗೆ ‘ಗ್ವಾಂಟನಾಮೊ’ ನಾಟಕ ಕಟ್ಟಿದರು. ಬಂಧಿಗಳಲ್ಲೊಬ್ಬರಾದ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಮೊಅಜ್ಜಂ ಬೇಗ್ ಮನೆಗೆ ಬರೆದ ಪತ್ರಗಳು ಅದರಲ್ಲಿವೆ, ಅವರ ತಂದೆಯ ಮಾತೂ ಇದೆ. ಅಮೆರಿಕದ ಅಂದಿನ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಪತ್ರಕರ್ತರ ಮುಂದೆ ಆಡಿದ ಮಾತೂ ಇದೆ. ಈ ತಂದೆಯೂ ಆ ಅಧಿಕಾರಸ್ಥನೂ ಮುಖಾಮುಖಿಯಾಗುವುದು ರಂಗದ ಮೇಲೆ ಮಾತ್ರ. ಸರ್ಕಾರವನ್ನು ಬೈಯಲು ಬೇರೆ ಪಾತ್ರ ಬೇಕಿಲ್ಲ, ಅದರ ಮಾತೇ ಅದಕ್ಕೆ ಪಾಟೀಸವಾಲು ಹಾಕುತ್ತದೆ. ಪ್ರದರ್ಶನ ಶುರುವಾದಾಗ ಬೇಗ್ ಇನ್ನೂ ಒಳಗಿದ್ದರು. ಯಾವ ಆರೋಪವೂ ಇಲ್ಲದೆ 2005ರ ಜನವರಿಯಲ್ಲಿ ಹೊರಬಂದರು.

ಕಲಬುರಗಿಯಲ್ಲಿ ಇಂಥದ್ದನ್ನು ಆಡಹೊರಟವರು ಮೊದಲು ಕಿವಿ ತಿದ್ದಿಕೊಳ್ಳಬೇಕು. ಆಳಂದದ ಕಡೆಯ ಅಜ್ಜಿಯೊಬ್ಬಳು ‘ಅವನಿಗಿ ಒಯ್ದ್ರು ನೋಡ್ರಿ, ಎಲ್ಲಿಗಿ ಅಂತ ಹೇಳ್ಲಿಲ್ಲ... ಹೇಳ್ಲೇ ಇಲ್ರಿ’ ಅಂದಿದ್ದರೆ ನಟಿ ಅಷ್ಟನ್ನೇ ಹೇಳಬೇಕು. ಅದನ್ನು ‘ಅವನನ್ನು ಕರೆದೊಯ್ದರು’ ಎಂದು ಪುಸ್ತಕದ ಕನ್ನಡಕ್ಕೆ ತಿದ್ದಿದರೆ, ನಡುವಿನ ತಡವರಿಕೆ ನುಂಗಿದರೆ, ಸಾಕ್ಷ್ಯ ಕೆಟ್ಟಿತು. ಹಾಗಂತ ನಾಟಕಕಾರನ ಕೈವಾಡವೇ ಇಲ್ಲವೆಂದಲ್ಲ. ಹತ್ತು ತಾಸಿನ ಮಾತಿನಲ್ಲಿ ಎರಡು ತಾಸು ಉಳಿಸಿಕೊಳ್ಳುವಾಗ ಪಕ್ಷಪಾತ ನುಸುಳಬಹುದು. ಉಳಿಸಿಕೊಂಡದ್ದನ್ನು ಮಾತಾಡಿದವರಿಗೇ ಓದಿ ತೋರಿಸಿ ಒಪ್ಪಿಗೆ ಪಡೆಯುವುದು ನನ್ನ ಪ್ರಕಾರ ತಾಲೀಮಿನಷ್ಟೇ ಮುಖ್ಯ.

ವಸ್ತುವಿಗೆ ಕ್ಯೂಬಾವರೆಗೆ ಹೋಗಬೇಕಿಲ್ಲ. 1962ರ ಚೀನಾ ಯುದ್ಧದಲ್ಲಿ ನಮ್ಮದೇ ಸರ್ಕಾರ ಚೀನಾ ಮೂಲದ ಸುಮಾರು 3,000 ಜನರನ್ನು, ಮಕ್ಕಳು ಮುದುಕರೆನ್ನದೆ, ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿತು. ಇನ್ನೂ ಹತ್ತಿರದ್ದು ಹೈದರಾಬಾದ್ ಸಂಸ್ಥಾನದ 1948. ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿ ನಮ್ಮಲ್ಲಿ ಮನೆಮನೆಯ ಕತೆ. ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ಸೇನೆ ನಡೆಸಿದ ಸೆಪ್ಟೆಂಬರಿನ ‘ಪೊಲೀಸ್ ಕಾರ್ಯಾಚರಣೆ’ಯ ಬೆನ್ನಲ್ಲೇ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಾರೆ. ಅದನ್ನು ವಿಚಾರಿಸಿದ ಸುಂದರಲಾಲ್ ಸಮಿತಿಯ ವರದಿಯೂ ದಶಕಗಟ್ಟಲೆ ಕಡತದಲ್ಲೇ ಉಳಿಯಿತು. ಎರಡೂ ಕಡೆಯ ನೋವನ್ನು ಕಣ್ಣಾರೆ ಕಂಡವರಿಗೆ ಈಗ 85ರ ಆಚೀಚೆ ವಯಸ್ಸು. ಕಲಬುರಗಿ, ಬೀದರಿನ ತಂಡಗಳು ರೆಕಾರ್ಡರ್ ಹಿಡಿದು ಮೊದಲು ಅವರ ಮನೆಗೆ ಹೋಗಲಿ.