ಯಾರೂ ದನಿ ಎತ್ತದ ವಿಭಾಗ

ಸಿಬ್ಬಂದಿಯ ಅತೃಪ್ತಿಗೆ ಪರಿಹಾರ ಕೇಳಿಕೊಂಡು ನನ್ನ ಬಳಿಗೆ ಬರುವ ವಿಶ್ವವಿದ್ಯಾಲಯದ ಆಡಳಿತಗಾರರಲ್ಲಿ ಹೆಚ್ಚಿನವರು "ನಮ್ಮಲ್ಲಿ ರಾಜಕೀಯವಿಲ್ಲ, ಸಭೆಯಲ್ಲಿ ಯಾರೂ ದನಿ ಎತ್ತುವುದೇ ಇಲ್ಲ" ಎಂದು ಮಾತು ಆರಂಭಿಸುತ್ತಾರೆ. ಆ ಮಾತಿನ ಎರಡನೆಯ ಭಾಗವೇ ಮೊದಲನೆಯದನ್ನು ಅಲ್ಲಗಳೆಯುತ್ತಿರಬಹುದು ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಉದ್ಯೋಗಸ್ಥಳದ ರಾಜಕೀಯವನ್ನು ನೌಕರರು ಹೇಗೆ ಗ್ರಹಿಸುತ್ತಾರೆ ಎಂದು ಅಳೆಯಲು ಸಂಶೋಧಕರಾದ ಕ್ಯಾಕ್ಮಾರ್ ಮತ್ತು ಫೆರಿಸ್ 1991ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು ಗುಂಪುಗಾರಿಕೆಯನ್ನೂ ವೇತನ-ಬಡ್ತಿಗಳಲ್ಲಿನ ಪಕ್ಷಪಾತವನ್ನೂ ಮಾತ್ರವಲ್ಲ, ಲಾಭಕ್ಕಾಗಿ ಬಾಯಿ ಮುಚ್ಚಿಕೊಂಡು ಹೊಂದಿಕೊಂಡು ಹೋಗುವುದನ್ನೂ ಪರಿಗಣಿಸುತ್ತದೆ. ಅಂದರೆ ಮೌನವೂ ರಾಜಕೀಯದ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಎಷ್ಟು ಬಿಡಿಸಿ ಹೇಳಿದರೂ, ಕೊನೆಯಲ್ಲಿ ಕೇಳಿಬರುವುದು ಒಂದು ದಿನದ ಸೌಹಾರ್ದ ಕಾರ್ಯಾಗಾರದ ಬೇಡಿಕೆಯೇ.

ಅಂಥ ಒಂದು ವಿಭಾಗದ ನಡಾವಳಿ ಪುಸ್ತಕವನ್ನು ತರಿಸಿ ಓದಿದೆ. ಪ್ರತಿ ಸೆಮಿಸ್ಟರಿನ ಆರಂಭದಲ್ಲಿಯೂ "ಕಾರ್ಯಭಾರ ಹಂಚಿಕೆಯ ಕುರಿತು ಕೂಲಂಕಷವಾಗಿ ಚರ್ಚಿಸಿ ಅನುಮೋದಿಸಲಾಯಿತು" ಎಂಬ ಒಂದೇ ಸಾಲು. ದಿನದ ಮೊದಲ ತರಗತಿಯೂ ಸಂಜೆಯ ಕೊನೆಯ ಪ್ರಯೋಗಾಲಯವೂ ಪ್ರತಿ ಬಾರಿ ಒಬ್ಬರೇ ಸಹಾಯಕ ಪ್ರಾಧ್ಯಾಪಕಿಯ ಪಾಲಿಗೆ. "ಹೊರೆ ಹೊರುವುದಕ್ಕೆ ನನ್ನ ತಕರಾರಿಲ್ಲ, ನನಗೇ ಯಾಕೆ ಎಂದು ಯಾರಾದರೂ ಹೇಳಿದ್ದರೆ ಸಾಕಿತ್ತು" ಎಂದರು ಆಕೆ. ವಿಭಾಗದ ಮುಖ್ಯಸ್ಥರೋ, ನಿಜಕ್ಕೂ ಸಜ್ಜನರು, "ಅವರು ಒಳ್ಳೆಯವರು, ಬೇಡ ಎನ್ನುವುದಿಲ್ಲ, ಅದಕ್ಕೇ ಕೊಟ್ಟೆ" ಎಂದು ಮೆಚ್ಚುಗೆಯಿಂದಲೇ ಹೇಳಿದರು. ಇಲ್ಲಿ ಪಿತೂರಿ ಮಾಡಿದವರು ಯಾರೂ ಇಲ್ಲ, ಆದರೂ ಆಕೆ ಬೇರೆ ಕಡೆ ಅರ್ಜಿ ಹಾಕಿಯಾಗಿತ್ತು. ನಿರ್ಧಾರದಿಂದ ನಷ್ಟವಾದಾಗ ಜನ ಬೇಸರಪಡುತ್ತಾರೆ. ಆದರೆ ಆ ನಿರ್ಧಾರದ ಮಾನದಂಡವೇ ತಿಳಿಯದಿದ್ದಾಗ ಅದನ್ನು ಊಹಿಸಿಕೊಳ್ಳತೊಡಗುತ್ತಾರೆ, ಮತ್ತು ನಾನು ಕಂಡ ಮಟ್ಟಿಗೆ ಆ ಊಹೆ ಸತ್ಯಕ್ಕಿಂತ ಕಹಿಯಾಗಿಯೇ ಇರುತ್ತದೆ.

ಒಂದು ಎಚ್ಚರಿಕೆ ಅಗತ್ಯ. ರಾಜಕೀಯದ ಗ್ರಹಿಕೆ ಹೆಚ್ಚಿದ್ದಲ್ಲಿ ವೃತ್ತಿತೃಪ್ತಿ ಕಡಿಮೆ ಇರುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆಯಾದರೂ, ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಅಷ್ಟರಿಂದಲೇ ಹೇಳಲಾಗದು. ಬೇರೆ ಕಾರಣಕ್ಕೆ ಬೇಸತ್ತವರಿಗೆ ಕೊಠಡಿಯ ಬದಲಾವಣೆಯೂ ಸಂಚಾಗಿ ತೋರೀತು. ಆದ್ದರಿಂದ ಒಬ್ಬರ ದೂರನ್ನೇ ನಾನು ಪುರಾವೆಯೆಂದು ಎಣಿಸುವುದಿಲ್ಲ.

ಹೆಚ್ಚು ಗಮನ ಬೇಕಿರುವುದು ಬೋಧಕೇತರ ಸಿಬ್ಬಂದಿಯ ಕಡೆಗೆ. ಅಧ್ಯಾಪಕರಿಗೆ ತರಗತಿಯೂ ಸಂಶೋಧನೆಯೂ ಸ್ವಲ್ಪಮಟ್ಟಿಗೆ ಆಸರೆಯಾಗುತ್ತವೆ, ಪರೀಕ್ಷಾ ವಿಭಾಗದ ಗುಮಾಸ್ತರಿಗೆ ಕಚೇರಿಯೇ ಎಲ್ಲ. ಅವರ ಕೈಸೇರುವ ವರ್ಗಾವಣೆ ಆದೇಶದಲ್ಲಿ "ಆಡಳಿತಾತ್ಮಕ ಕಾರಣಗಳಿಗಾಗಿ" ಎಂಬುದರ ಹೊರತು ಏನೂ ಇರುವುದಿಲ್ಲ. ನ್ಯಾಯಯುತ ಕಾರ್ಯವಿಧಾನಕ್ಕೆ ಮನಶ್ಶಾಸ್ತ್ರಜ್ಞ ಲೆವೆಂಥಾಲ್ 1980ರಲ್ಲಿ ಸೂಚಿಸಿದ ಆರು ನಿಯಮಗಳಲ್ಲಿ, ತಪ್ಪು ನಿರ್ಧಾರವನ್ನು ತಿದ್ದಲು ಅವಕಾಶವಿರಬೇಕು ಎಂಬುದೂ ಒಂದು. ಕಾರಣವನ್ನು ಪೂರ್ತಿ ಬರೆಯಲು ಹಿಂಜರಿಯುವ ಕುಲಸಚಿವರಿಗೆ, ಮರುಪರಿಶೀಲನೆಗಾಗಿ ಯಾರಿಗೆ, ಎಷ್ಟು ದಿನಗಳೊಳಗೆ ಮನವಿ ಸಲ್ಲಿಸಬಹುದು ಎಂಬ ಒಂದು ಸಾಲನ್ನಾದರೂ ಆದೇಶದ ಕೆಳಗೆ ಸೇರಿಸಿ ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ.