‘ಎಲ್ಲಾದ್ರೂ ಹಾಕಿ’ ಅನ್ನಬೇಡಿ

ಹೋದ ತಿಂಗಳು ಸಿಡ್ನಿಯ ಟೂಂಗಬ್ಬಿಯಲ್ಲಿ ಒಂದು ಮನೆಗೆ ಹೋಗಿದ್ದೆ. ಬಾಗಿಲು ತೆಗೆದವರು ದಾವಣಗೆರೆಯಿಂದ ಮಗಳ ಮನೆಗೆ ಬಂದಿದ್ದ ಹಿರಿಯರು. ನಾನು ಶೂ ಬಿಚ್ಚುವ ಮೊದಲೇ ದೂರು ಶುರು. "ನೋಡಪ್ಪಾ, ಇಷ್ಟು ದೊಡ್ಡ ದೇಶ. ಫೈಬರ್ ಬೇರೆ ಹಾಕ್ಸಿದಾರಂತೆ. ನಮ್ಮೂರ ನ್ಯೂಸ್ ಹಾಕಿದ್ರೆ ಬಾಯಿ ತೆರೆದ ಆ್ಯಂಕರ್ ತೆರ್ಕೊಂಡೇ ಕೂತಿರ್ತಾನೆ."

ಅಳಿಯ ಹಿಂದಿನಿಂದ ಫೋನ್ ಹಿಡಿದುಕೊಂಡು ಬಂದರು. "ಸರ್, 500 ಎಂಬಿಪಿಎಸ್ ವೇಗದ ಪ್ಲಾನ್. ನೀವೇ ನೋಡಿ." ಅವರ ಆಫೀಸ್ ರೂಮಿನಲ್ಲಿ ನಿಂತು ಮಾಡಿದ ಸ್ಪೀಡ್ ಟೆಸ್ಟ್. 38.

ಇಂಟರ್ನೆಟ್ ಡಬ್ಬಿ ಎಲ್ಲಿದೆ ಅಂದೆ. ಗರಾಜಿಗೆ ಕರೆದುಕೊಂಡು ಹೋದರು. ಹಳೇ ಫ್ರಿಜ್ಜಿನ ಹಿಂದೆ ಗೋಡೆಗೆ ಎನ್‌ಬಿಎನ್ ಡಬ್ಬಿ, ಅಂದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಜಾಲದವರು ಹಾಕುವ, ಫೈಬರ್ ಬಂದು ಸೇರುವ ಡಬ್ಬಿ. ಅದರ ಕೆಳಗೆ ಇಪ್ಪತ್ತು ಕೆಜಿ ಸೋನಾ ಮಸೂರಿ ಮೂಟೆ. ಮೂಟೆಯ ಮೇಲೆ ರೌಟರ್. ಗರಾಜ್ ಆದಮೇಲೆ ಇಟ್ಟಿಗೆ ಗೋಡೆ, ಆಮೇಲೆ ಲಾಂಡ್ರಿ, ವಾಷಿಂಗ್ ಮೆಷಿನ್, ಉದ್ದದ ಪ್ಯಾಸೇಜ್, ಮಲಗುವ ಕೋಣೆಯ ಕನ್ನಡಿ ಬಾಗಿಲ ವಾರ್ಡ್‌ರೋಬ್. ಅದರಾಚೆ, ಮನೆಯ ಇನ್ನೊಂದು ತುದಿಯಲ್ಲಿ ಅವರ ಆಫೀಸ್ ರೂಮ್.

ನನ್ನ ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ರೌಟರಿಗೇ ಸಿಕ್ಕಿಸಿದೆ. 487 ಬಂತು.

"ಹಾಗಾದ್ರೆ ಕಂಪನಿಯವರು ಮೋಸ ಮಾಡಿಲ್ವಾ?"

"ಇಲ್ಲ ಸರ್. ನಿಮ್ಮ ಅಕ್ಕಿ ಮೂಟೆಗೆ 487 ಸರಿಯಾಗಿ ಬರ್ತಾ ಇದೆ."

ಹಿರಿಯರು ಜೋರಾಗಿ ನಕ್ಕರು. ಅಳಿಯ ನಗಲಿಲ್ಲ. ಈ ಜಾಗ ಯಾರು ತೋರಿಸಿದ್ದು ಅಂತ ಕೇಳಿದೆ. ಗಂಡ ಹೆಂಡತಿ ಮುಖ ನೋಡಿದರು, ಹೆಂಡತಿ ಗಂಡನ ಮುಖ ನೋಡಿದರು. ಡಬ್ಬಿ ಹಾಕುವವನು ಬಂದಾಗ ಅಳಿಯ ಮೀಟಿಂಗಿನಲ್ಲಿದ್ದರು. ಅವನು ಎಲ್ಲಿ ಹಾಕಲಿ ಅಂತ ಕೇಳಿದ್ದಾನೆ. ಇವರು ಹೆಡ್‌ಫೋನಿನ ಒಂದು ಕಿವಿ ಸರಿಸಿ, "ಎಲ್ಲಾದ್ರೂ ಹಾಕಿ" ಅಂದಿದ್ದಾರೆ.

ಪಶ್ಚಿಮ ಸಿಡ್ನಿಯಲ್ಲಿ ನಾನು ಹದಿನಾಲ್ಕು ವರ್ಷದಿಂದ ಕೇಬ್ಲಿಂಗ್ ಕೆಲಸ ಮಾಡುತ್ತಿದ್ದೇನೆ. ಎನ್‌ಬಿಎನ್‌ಗೆ ಕೆಲಸ ಮಾಡುವವನಲ್ಲ. ಅವರ ಜನ ಬಂದು ಹೋದಮೇಲೆ ಕರೆಸಿಕೊಳ್ಳುವವನು. ಹಾಗಾಗಿ ಈ "ಎಲ್ಲಾದ್ರೂ ಹಾಕಿ" ನನ್ನ ಹೊಟ್ಟೆಪಾಡು ಅಂತಲೂ ಹೇಳಬಹುದು. ಆದರೂ ಕೇಳಿ ಕೇಳಿ ಸಾಕಾಗಿದೆ.

ಊರಲ್ಲಿ ಇಂಟರ್ನೆಟ್ ಹಾಕಿಸಿ ಅಭ್ಯಾಸ ಇರುವವರೇ ಈ ತಪ್ಪು ಜಾಸ್ತಿ ಮಾಡುತ್ತಾರೆ. ಅಲ್ಲಿ ಒಬ್ಬ ಹುಡುಗ ಬೈಕಿನಲ್ಲಿ ಬರುತ್ತಾನೆ. ಕಂಬದಿಂದ ವೈರ್ ಎಳೆದು, ಕಿಟಕಿಯಲ್ಲಿ ತೂರಿಸಿ, ಅರ್ಧ ಗಂಟೆಯಲ್ಲಿ ಹೊರಡುತ್ತಾನೆ. ಜಾಗ ಸರಿ ಬರಲಿಲ್ಲ ಅಂದರೆ ಫೋನ್ ಮಾಡಿದರಾಯಿತು, ಸಂಜೆ ಬಂದು ಆ ಕಡೆಗೆ ಎಳೆದುಕೊಡುತ್ತಾನೆ. ಕೈಗೆ ಇನ್ನೂರು ರೂಪಾಯಿ ಇಟ್ಟರೆ ಮುಗಿಯಿತು. ಇಲ್ಲಿ ಹಾಗಿಲ್ಲ. ಡಬ್ಬಿ ಎನ್‌ಬಿಎನ್ ಕಂಪನಿಯ ಆಸ್ತಿ, ಅದು ಆ ಮನೆಯಲ್ಲೇ ಇರಬೇಕಾದದ್ದು. ನೀವೇ ಬಿಚ್ಚಿ ಪಕ್ಕದ ರೂಮಿಗೆ ಹಾಕುವ ಹಾಗಿಲ್ಲ. ಜಾಗ ಬದಲಿಸಬೇಕಾದರೆ ಬೇರೆ ಅರ್ಜಿ, ಬೇರೆ ದುಡ್ಡು, ಬೇರೆ ದಿನ. ಮನೆ ಬದಲಿಸುವಾಗ ಡಬ್ಬಿಯನ್ನೂ ಬಿಚ್ಚಿ ಪಾತ್ರೆಗಳ ಜೊತೆ ಪ್ಯಾಕ್ ಮಾಡಿಕೊಂಡು ಹೋದ ಒಬ್ಬ ಪುಣ್ಯಾತ್ಮನನ್ನೂ ಕಂಡಿದ್ದೇನೆ. ಹೊಸ ಮನೆಯಲ್ಲಿ ಆಗಲೇ ಒಂದು ಇತ್ತು. ಹಳೇ ಮನೆಗೆ ಬಂದ ಬಾಡಿಗೆಯವರ ಪಾಡು ಕೇಳಬೇಡಿ.

ಯಾರ ಬೀದಿಗೆ ಯಾವ ತರಹದ ಲೈನ್ ಇದೆ ಅನ್ನುವುದು ಅವರವರ ಹಣೆಬರಹ. 2009ರಲ್ಲಿ ಕೆವಿನ್ ರಡ್ ಸರ್ಕಾರ ಎನ್‌ಬಿಎನ್ ಶುರು ಮಾಡಿದಾಗ ನೂರಕ್ಕೆ ತೊಂಬತ್ತು ಮನೆಗಳಿಗೆ ಫೈಬರನ್ನೇ ಎಳೆಯುವ ಮಾತಿತ್ತು. 2013ರಲ್ಲಿ ಸರ್ಕಾರ ಬದಲಾಯಿತು, ಪ್ಲಾನೂ ಬದಲಾಯಿತು. ರಸ್ತೆ ಮೂಲೆಯ ಹಸಿರು ಕ್ಯಾಬಿನೆಟ್‌ವರೆಗೆ ಮಾತ್ರ ಫೈಬರ್, ಅಲ್ಲಿಂದ ಮನೆಗೆ ಟೆಲಿಫೋನಿನ ಹಳೇ ತಾಮ್ರದ ತಂತಿ. ಇದೇ ಎಫ್‌ಟಿಟಿಎನ್. ಕೆಲವು ಕಡೆ ಫೈಬರ್ ಮನೆ ಮುಂದಿನ ಗುಂಡಿವರೆಗೆ ಬಂದು ನಿಂತಿತು, ಅದು ಎಫ್‌ಟಿಟಿಸಿ. ಮತ್ತೆ ಕೆಲವು ಕಡೆ ಪೇ ಟಿವಿಯ ದಪ್ಪ ಕೇಬಲನ್ನೇ ಬಳಸಿಕೊಂಡರು, ಅದು ಎಚ್‌ಎಫ್‌ಸಿ. ಹಾಗಾಗಿ ಒಂದು ಬೀದಿಯವರು ಸುಖವಾಗಿರುತ್ತಾರೆ, ಹಿಂದಿನ ಬೀದಿಯವರು ಮಳೆ ಬಂದರೆ ಸಾಕು, ಗೊಣಗುತ್ತಾರೆ. ತಾಮ್ರದ ಜಾಯಿಂಟ್‌ಗೆ ನೀರು ಹೋದರೆ ಲೈನ್ ಬಿದ್ದಂತೆಯೇ. ಕ್ಯಾಬಿನೆಟ್‌ನಿಂದ ಮನೆ ದೂರವಾದಷ್ಟೂ ವೇಗ ಇಳಿಯುತ್ತದೆ. ಅದಕ್ಕೆ ಯಾವ ದುಬಾರಿ ರೌಟರಿನಲ್ಲೂ ಮದ್ದಿಲ್ಲ.

ಎಫ್‌ಟಿಟಿಎನ್ ಮತ್ತು ಎಫ್‌ಟಿಟಿಸಿ ಮನೆಗಳನ್ನು ಈಗ ಪೂರಾ ಫೈಬರಿಗೆ ಬದಲಿಸಿಕೊಡುತ್ತಿದ್ದಾರೆ. ಬಾಕಿ ಇದ್ದ ಸುಮಾರು 6.22 ಲಕ್ಷ ಎಫ್‌ಟಿಟಿಎನ್ ಮನೆ, ಅಂಗಡಿಗಳಿಗೂ 2030ರ ಕೊನೆಯೊಳಗೆ ದಾರಿ ಮಾಡುತ್ತೇವೆ ಅಂತ 2025ರ ಜನವರಿಯಲ್ಲಿ ಸರ್ಕಾರ ಹೇಳಿತು. ಸಾಮಾನ್ಯ ಮನೆಯಾದರೆ ಹಾಕುವುದಕ್ಕೆ ದುಡ್ಡಿಲ್ಲ. ಆದರೆ ಅದಾಗಿ ಅದೇ ಬರುವುದಿಲ್ಲ. ಎನ್‌ಬಿಎನ್ ನಿಮಗೆ ನೇರವಾಗಿ ಏನನ್ನೂ ಮಾರುವುದಿಲ್ಲ. ಟೆಲ್ಸ್ಟ್ರಾ, ಆಪ್ಟಸ್, ಟಿಪಿಜಿ ತರಹದ ಕಂಪನಿಯ ಮೂಲಕ, ಅವರು ಹೇಳುವ ಕನಿಷ್ಠ ಪ್ಲಾನ್ ತೆಗೆದುಕೊಂಡು ನೀವೇ ಆರ್ಡರ್ ಮಾಡಬೇಕು. ಎಚ್‌ಎಫ್‌ಸಿ ಮನೆಯವರು ನನಗೆ ಫೋನ್ ಮಾಡಿ "ನಮಗ್ಯಾಕೆ ಫೈಬರ್ ಕೊಡಲ್ಲ" ಅಂತ ಜಗಳ ಆಡಬೇಡಿ. ನಾನು ಬರೆಯುವ ಹೊತ್ತಿಗೆ ಈ ಅಪ್‌ಗ್ರೇಡ್‌ನಲ್ಲಿ ನಿಮ್ಮ ಲೆಕ್ಕ ಇಲ್ಲ. ನಿಮ್ಮ ಕೇಬಲ್ಲಿಗೂ ವೇಗ ಸಾಕಷ್ಟಿದೆ. ಬಾಡಿಗೆ ಮನೆಯವರು ಮೊದಲು ಓನರ್ ಹತ್ತಿರ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ಗೋಡೆ ಕೊರೆಯುವ ಕೆಲಸ ಇದು. ಆರು ತಿಂಗಳಲ್ಲಿ ಖಾಲಿ ಮಾಡುವವರಾದರೆ 5ಜಿ ಮೋಡೆಮ್ ಸಾಕು. ಸಂಜೆ ಹೊತ್ತು ಟವರ್ ತುಂಬಿ ಸ್ವಲ್ಪ ಎಳೆಯಬಹುದು, ಅಷ್ಟೇ.

ಈಗ ನನ್ನ ಮಾತಿಗೆ ಬರುತ್ತೇನೆ.

ಫೈಬರ್ ಬರುವುದು ಡಬ್ಬಿಗೆ, ನಿಮ್ಮ ಫೋನಿಗಲ್ಲ. ನೂರು ಸಲ ಹೇಳಿದ್ದೇನೆ, ನೂರಾ ಒಂದನೇ ಸಲ ಹೇಳುತ್ತೇನೆ. ಬೆಂಗಳೂರಿನಲ್ಲಿ ಇದ್ದವರಿಗೆ ಸಂಪ್ ಗೊತ್ತಲ್ಲ. ಕಾವೇರಿ ನೀರು ರಭಸವಾಗಿ ಬಂದು ಸಂಪ್ ತುಂಬಿತು ಅನ್ನಿ. ಅಷ್ಟಕ್ಕೇ ಮೂರನೇ ಮಹಡಿಯ ಬಚ್ಚಲ ನಲ್ಲಿಯಲ್ಲೂ ರಭಸ ಬಂತಾ? ನಡುವೆ ಮೋಟರ್ ಇದೆ, ಪೈಪ್ ಇದೆ, ಟ್ಯಾಂಕ್ ಇದೆ. ಪ್ಲಾನ್ ದೊಡ್ಡದು ಮಾಡುವುದು ಅಂದರೆ ಸಂಪಿಗೆ ಬರುವ ನೀರು ಹೆಚ್ಚಿಸುವುದು. ಅಕ್ಕಿ ಮೂಟೆಯ ಮೇಲಿನ ರೌಟರ್ ಅಂದರೆ ತುಕ್ಕು ಹಿಡಿದ ಅರ್ಧ ಇಂಚಿನ ಪೈಪು. 500 ಇದ್ದದ್ದನ್ನು 1000 ಮಾಡಿಸಿದರೂ ಆ ಆಫೀಸ್ ರೂಮಿಗೆ 38 ಇದ್ದದ್ದು 39 ಆಗಬಹುದು. ತಿಂಗಳು ತಿಂಗಳು ಆ ಒಂದಕ್ಕೆ ದುಡ್ಡು ಕಟ್ಟುವವರು ನನ್ನ ಗಿರಾಕಿಗಳಲ್ಲಿ ಕಡಿಮೆ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಫೈಬರ್, ಎಚ್‌ಎಫ್‌ಸಿ ಮನೆಗಳ 100ರ ಪ್ಲಾನಿನ ವೇಗ 500ಕ್ಕೆ ಏರಿತು, 250ರದ್ದು 750ಕ್ಕೆ. ಆ ವಾರ ನನ್ನ ಫೋನ್ ಬಿಡುವಿಲ್ಲದೆ ಹೊಡೆದುಕೊಂಡಿತು. "ಎಲ್ಲರಿಗೂ 500 ಅಂತೆ, ನಮಗ್ಯಾಕಿಲ್ಲ?" ಎಷ್ಟು ತೋರಿಸುತ್ತಿದೆ ಅಂತ ಕೇಳುತ್ತಿದ್ದೆ. "94" ಅಂದರೆ ಕಾರ್ ತೆಗೆಯುವ ಅಗತ್ಯವೇ ಇಲ್ಲ. 94 ಅನ್ನುವುದು ನಮ್ಮ ಕಸುಬಿನಲ್ಲಿ ಒಂದು ಸಹಿ ಇದ್ದ ಹಾಗೆ. ಡಬ್ಬಿಗೂ ರೌಟರಿಗೂ ನಡುವೆ ಎಲ್ಲೋ 100ರ ಬಾಗಿಲಿದೆ ಅಂತ ಅರ್ಥ. ರೌಟರ್ ಹಳೆಯದು, ಅದರ ಪೋರ್ಟೇ 100ರದ್ದು. ಇಲ್ಲವೇ ಕೇಬಲ್ಲಿನ ಎಂಟು ತಂತಿಯಲ್ಲಿ ಒಂದು ಕಡಿದಿದೆ. ಪೆಂಡಲ್ ಹಿಲ್‌ನ ಒಬ್ಬ ಮೇಷ್ಟರಿಗೆ ಹತ್ತು ಡಾಲರಿನ ಕೇಬಲ್ ಬದಲಿಸಿ ಅಂತ ಫೋನಿನಲ್ಲೇ ಹೇಳಿದೆ. ಅವರು ನಂಬಲಿಲ್ಲ. ಕಂಪನಿಗೆ ಎರಡು ದೂರು ಕೊಟ್ಟು, ಹದಿನೈದು ದಿನ ಬಿಟ್ಟು ಬದಲಿಸಿದರು. ಆಮೇಲೆ ಮನೆಗೆ ಕರೆದು ಮದ್ದೂರು ವಡೆ ತಿನ್ನಿಸಿದರು. ಒಳ್ಳೆಯ ಮನುಷ್ಯ.

ಸರಿ, ಡಬ್ಬಿ ಎಲ್ಲಿರಬೇಕು? ನೀವು ಜಾಸ್ತಿ ಹೊತ್ತು ಇರುವ ಕಡೆ, ಮನೆಯ ಮಧ್ಯಕ್ಕೆ ಆದಷ್ಟು ಹತ್ತಿರ. ಪಕ್ಕದಲ್ಲಿ ಪವರ್ ಪಾಯಿಂಟ್ ಇರಬೇಕು. ಬಿಸಿಲು, ತೇವ ತಾಗಬಾರದು. ಹಾಲ್‌ನಲ್ಲಿ ಟಿವಿ ಪಕ್ಕದ ಗೋಡೆ ಬಹಳ ಮನೆಗಳಿಗೆ ಸರಿಹೋಗುತ್ತದೆ. "ಹಾಲ್‌ನಲ್ಲಿ ಚೆನ್ನಾಗಿ ಕಾಣಲ್ಲ" ಅನ್ನುವ ಮಾತು ಬರುತ್ತದೆ, ಗೊತ್ತು. ಮೂಲೆಯ ಅಲ್ಯೂಮಿನಿಯಂ ಬಾಗಿಲಿನ ಕಪಾಟಿನೊಳಗೆ ರೌಟರ್ ಬಚ್ಚಿಟ್ಟು ನನ್ನನ್ನು ಕರೆಸಿದವರೂ ಇದ್ದಾರೆ. ಲೋಹ, ಕನ್ನಡಿ, ಮೀನಿನ ತೊಟ್ಟಿಯ ನೀರು, ಇಟ್ಟಿಗೆ, ಇವು ಯಾವುದೂ ವೈಫೈಗೆ ಆಗಿ ಬರುವುದಿಲ್ಲ.

ಜನ ಎಡವುವುದು ಇಲ್ಲೇ. ಎಷ್ಟೋ ಸಲ ಕೆಲಸದವರು ಎರಡು ಬಾರಿ ಬರುತ್ತಾರೆ. ಮೊದಲ ಸಲ ಬೀದಿಯ ಗುಂಡಿಯಿಂದಲೋ ಕಂಬದಿಂದಲೋ ಫೈಬರ್ ತಂದು ಹೊರಗೋಡೆಗೆ ಒಂದು ಚಿಕ್ಕ ಪೆಟ್ಟಿಗೆ ಹೊಡೆಯುತ್ತಾರೆ. ಎರಡನೇ ಸಲ ಗೋಡೆ ಕೊರೆದು ಒಳಗಿನ ಡಬ್ಬಿ ಹಾಕುತ್ತಾರೆ. ಮೊದಲ ದಿನ ನೀವು ಮನೆಯಲ್ಲಿ ಇರಬೇಕೆಂದೇನೂ ಇಲ್ಲದಿರಬಹುದು. ಆದರೆ ಹೊರಗಿನ ಪೆಟ್ಟಿಗೆ ಗರಾಜ್ ಗೋಡೆಗೆ ಕೂತಮೇಲೆ ಒಳಗಿನ ಡಬ್ಬಿ ಮನೆ ಮಧ್ಯಕ್ಕೆ ಬರುವ ಆಸೆ ಅರ್ಧ ಹೋದಂತೆ. ಅವನಿಗೆ ಆ ದಿನ ಇನ್ನೂ ಮೂರು ಮನೆ ಇರುತ್ತದೆ. ಎಲ್ಲಿ ಸುಲಭವೋ ಅಲ್ಲಿ ಹೊಡೆಯುತ್ತಾನೆ, ಅವನ ತಪ್ಪಲ್ಲ. ಹಾಗಾಗಿ ಮೊದಲ ದಿನವೇ ಮನೆಯಲ್ಲಿರಿ. ಹಿಂದಿನ ರಾತ್ರಿ ಗೋಡೆಗೆ ಒಂದು ಪೇಪರ್ ಅಂಟಿಸಿ, "ಇಲ್ಲಿ" ಅಂತ ಬರೆಯಿರಿ. ನಗಬೇಡಿ, ಈ ಪೇಪರಿನಿಂದ ನನಗೆ ಗೊತ್ತಿರುವ ಐದಾರು ಮನೆ ಬಚಾವಾಗಿವೆ. ನೀವು ಕೇಳಿದ ಜಾಗ ದೂರ ಆದರೆ ಹೆಚ್ಚಿನ ದುಡ್ಡು ಕೇಳಬಹುದು, ಆಗುವುದೇ ಇಲ್ಲ ಅಂತಲೂ ಹೇಳಬಹುದು. ಪ್ರತಿ ಮನೆಯೂ ಬೇರೆ, ನೋಡದೆ ನಾನು ಮಾತು ಕೊಡಲಾರೆ.

ಹಳೇ ಮನೆಯವರಿಗೆ ಒಂದು ಮಾತು. ಈ ಕಡೆಯ ಹಳೇ ಮನೆಗಳಲ್ಲಿ ಫೈಬ್ರೊ ಅನ್ನುವ ಸಿಮೆಂಟ್ ಶೀಟ್ ಇರುವುದು ಮಾಮೂಲು. ಆ ಕಾಲದ ಶೀಟಿನಲ್ಲಿ ಆಸ್‌ಬೆಸ್ಟಸ್ ಇರಬಹುದು, ಕೊರೆದಾಗ ಏಳುವ ಅದರ ಪುಡಿ ಉಸಿರಿಗೆ ಹೋದರೆ ಅಪಾಯ. ಆಸ್ಟ್ರೇಲಿಯಾದಲ್ಲಿ ಅದನ್ನು ಪೂರ್ತಿ ನಿಷೇಧಿಸಿದ್ದು 2003ರ ಡಿಸೆಂಬರ್ 31ಕ್ಕೆ. ಗೋಡೆ ಇಟ್ಟಿಗೆಯದ್ದೇ ಆದರೂ ಸೂರಿನ ಕೆಳಗಿನ ಶೀಟ್, ಲಾಂಡ್ರಿ ಗೋಡೆ ಫೈಬ್ರೊ ಇರಬಹುದು. ಅನುಮಾನ ಇದ್ದರೆ ಬಂದವನಿಗೆ ಮೊದಲೇ ಹೇಳಿ. ಅವನು ಕೊರೆಯಲ್ಲ ಅಂದರೆ ಬಲವಂತ ಮಾಡಬೇಡಿ. ಅವನು ಹೋದಮೇಲೆ ನೀವು ಡ್ರಿಲ್ ಹಿಡಿಯಲೂ ಬೇಡಿ.

ಆಗಲೇ ಗರಾಜಿನಲ್ಲಿ ಕೂತುಬಿಟ್ಟಿದೆ ಅನ್ನುವವರು ಏನು ಮಾಡಬೇಕು? ಡಬ್ಬಿ ಅಲ್ಲೇ ಇರಲಿ. ಅಲ್ಲಿಂದ ಮನೆ ಮಧ್ಯಕ್ಕೆ ಒಂದೇ ಒಂದು ಕೇಬಲ್ ಎಳೆಸಿ, ರೌಟರನ್ನು ಅಲ್ಲಿಡಿ. ಒಂದಂತಸ್ತಿನ ಹೆಂಚಿನ ಮನೆಯಾದರೆ ಸೀಲಿಂಗ್ ಮೇಲೆ ತೆವಳಿ ಎರಡು ಮೂರು ಗಂಟೆಯಲ್ಲಿ ಮುಗಿಸಬಹುದು. ಇಲ್ಲಿ ಬೇಸಿಗೆ ಇರುವ ಜನವರಿಯಲ್ಲಿ ಮಾತ್ರ ನನ್ನನ್ನು ಮಧ್ಯಾಹ್ನ ಕರೆಯಬೇಡಿ, ಆ ಹೆಂಚಿನ ಕೆಳಗೆ ಹಪ್ಪಳ ಸುಡಬಹುದು. ಗೋಡೆ, ಸೀಲಿಂಗ್ ಒಳಗೆ ಹೋಗುವ ಕೇಬಲ್ಲನ್ನು ರಿಜಿಸ್ಟರ್ ಆದ ಕೇಬ್ಲರೇ ಎಳೆಯಬೇಕು ಅಂತ ಇಲ್ಲಿ ಕಾನೂನಿದೆ. ಕನ್ನಡ ಸಂಘದ ಯಾರೋ ಗೆಳೆಯರು ಭಾನುವಾರ ಬಂದು ಎಳೆದುಕೊಡುತ್ತಾರೆ ಅನ್ನುವ ಲೆಕ್ಕಾಚಾರ ಬೇಡ. ವೈಫೈಯನ್ನು ಒಂದರಿಂದ ಒಂದಕ್ಕೆ ದಾಟಿಸುವ ಮೆಶ್ ಪೆಟ್ಟಿಗೆ ಮೂರು ತಂದಿದ್ದೇವೆ ಅನ್ನುತ್ತೀರಿ. ತಪ್ಪೇನಿಲ್ಲ. ಆದರೆ ಮೊದಲನೆಯದೇ ಗರಾಜಿನ ಗೋಡೆ ದಾಟಲು ಒದ್ದಾಡುತ್ತಿದ್ದರೆ ಉಳಿದೆರಡು ಆ ಒದ್ದಾಟವನ್ನೇ ಮನೆಯೆಲ್ಲ ಹಂಚುತ್ತವೆ. ಅವುಗಳಿಗೂ ನಡುವೆ ಕೇಬಲ್ ಇದ್ದರೆ ಮಾತ್ರ ಪೂರಾ ಲಾಭ.

ಹೊಸದಾಗಿ ಮನೆ ಕಟ್ಟಿಸುವವರಂತೂ ಒಳಗೋಡೆಗೆ ಜಿಪ್ರಾಕ್ ಅನ್ನುವ ಪ್ಲಾಸ್ಟರ್ ಹಲಗೆ ಹೊಡೆಯುವ ಮೊದಲು ಬಿಲ್ಡರ್ ಹತ್ತಿರ ಪ್ರತಿ ರೂಮಿಗೆ ಒಂದು ಡೇಟಾ ಪಾಯಿಂಟ್, ಅಂದರೆ ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಜಾಗ, ಕೇಳಿ. ಅಡುಗೆಮನೆ ಬೆಂಚ್‌ಟಾಪಿಗೆ ಸಾವಿರಗಟ್ಟಲೆ ಡಾಲರ್ ಕೊಡುವವರು ಇಲ್ಲಿ ಮಾತ್ರ ಕೈ ಬಿಗಿ ಮಾಡುತ್ತಾರೆ. ಯಾಕೋ ಕಾಣೆ.

ಟೂಂಗಬ್ಬಿ ಮನೆಗೆ ಹಾಗೇ ಮಾಡಿಕೊಟ್ಟೆ. ಗರಾಜಿನಿಂದ ಒಂದು ಕೇಬಲ್, ಊಟದ ಮೇಜಿನ ಪಕ್ಕದ ಗೋಡೆಗೆ ರೌಟರ್. ಆಫೀಸ್ ರೂಮಿನಲ್ಲಿ 310 ಬಂತು. ಹೊರಡುವ ಮುಂಚೆ ಹಿರಿಯರಿಗೆ ಒಂದೇ ವಿಷಯ ಹೇಳಿಕೊಟ್ಟೆ. ಇದು ಊರಿನ ಹಳೇ ಟೆಲಿಫೋನಿನ ಹಾಗಲ್ಲ. ಡಬ್ಬಿಗೂ ರೌಟರಿಗೂ ಮನೆಯ ಕರೆಂಟೇ ಆಧಾರ, ಕರೆಂಟ್ ಹೋದರೆ ಎರಡೂ ಸತ್ತಂತೆ. ಮನೆಯಲ್ಲಿ ಮೆಡಿಕಲ್ ಅಲಾರಂ ಇದ್ದವರು ಇದನ್ನು ಮರೆಯಲೇಬಾರದು. ಅವರು ತಲೆಯಾಡಿಸಿದರು.

ಹತ್ತು ದಿನ ಆದಮೇಲೆ ಶನಿವಾರ ಬೆಳಿಗ್ಗೆ ಏಳಕ್ಕೆ ಅವರ ಮಗಳ ಫೋನ್. ಇಂಟರ್ನೆಟ್ ಪೂರಾ ನಿಂತಿದೆ ಅಂದರು.

"ಡೈನಿಂಗ್ ಟೇಬಲ್ ಹತ್ರ ರೌಟರ್ ಲೈಟ್ ಉರೀತಿದೆಯಾ ಮೇಡಂ?"

"ಒಂದೂ ಇಲ್ಲ."

"ಆ ಪ್ಲಗ್ಗಿಗೆ ಏನು ಹಾಕಿದೀರ ನೋಡಿ."

ಅವರು ಉತ್ತರ ಕೊಡಲಿಲ್ಲ. ಹಿಂದೆ ಗ್ರೈಂಡರ್ ತಿರುಗುವ ಸದ್ದು ಕೇಳುತ್ತಿತ್ತು. ಆಮೇಲೆ, "ಅಪ್ಪಾ!" ಅಂತ ಒಂದು ಕೂಗು.